ಡೊಮೇನ್ ಹೆಸರು ಹೊಡೆದರೆ ಹೋಮ್ ಪೇಜ್ ಬರ್ತಿಲ್ವಾ? ಎಲ್ಲಿ ನಿಂತಿದೆ ಅಂತ ಹೀಗೆ ಹುಡುಕಿ

ನನ್ನ ಮೊದಲ ವೆಬ್‌ಸೈಟು ಎರಡು ದಿನ ತೆರೆಯಲೇ ಇಲ್ಲ. ಡೊಮೇನ್ ಕೊಂಡಿದ್ದೆ, ಹೋಸ್ಟಿಂಗ್ ತಗೊಂಡಿದ್ದೆ, ಫೈಲುಗಳನ್ನೆಲ್ಲ ಅಪ್‌ಲೋಡ್ ಮಾಡಿದ್ದೆ. ಬ್ರೌಸರ್‌ನಲ್ಲಿ ಹೆಸರು ಹೊಡೆದರೆ ಬರುತ್ತಿದ್ದದ್ದು ‘403 ಫರ್ಬಿಡನ್’, ಅಂದರೆ ನೋಡಲು ಅನುಮತಿ ಇಲ್ಲ ಅನ್ನುವ ಒಂದೇ ಸಾಲು. ಹೆಸರನ್ನು ಸರ್ವರ್‌ನ ನಂಬರಿಗೆ ಜೋಡಿಸುವ ವ್ಯವಸ್ಥೆ, ಅಂದರೆ ಡಿಎನ್‌ಎಸ್, ಸರಿಯಿಲ್ಲ ಅಂದುಕೊಂಡೆ. ಹೆಸರಿನ ನಂಬರು ಹೇಳುವ ಎ ರೆಕಾರ್ಡ್ ಅಳಿಸಿದೆ, ಮತ್ತೆ ಹಾಕಿದೆ. ಆ ರೆಕಾರ್ಡುಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಿದೆ, ಮತ್ತೆ ಹಳೆಯದಕ್ಕೇ ತಂದೆ. ಕೆದಕಿ ಕೆದಕಿ ಸರಿಯಿದ್ದದ್ದನ್ನೂ ಕೆಡಿಸಿದೆ. ಕೊನೆಗೆ ನೋಡಿದರೆ ತಪ್ಪಿದ್ದದ್ದು ಒಂದೇ ಅಕ್ಷರದಲ್ಲಿ. ಮುಖಪುಟದ ಫೈಲಿನ ಹೆಸರಿನ ಮೊದಲ ‘ಐ’ ಕ್ಯಾಪಿಟಲ್ ಆಗಿತ್ತು, ಅಷ್ಟೆ.

403 ಬಂದಿದೆ ಅಂದರೆ ಯಾವುದೋ ಸರ್ವರ್ ಉತ್ತರ ಕೊಟ್ಟಿದೆ. ಉತ್ತರ ಕೊಟ್ಟಿದೆ ಅಂದರೆ ಹೆಸರು ಅಲ್ಲಿಯವರೆಗೆ ತಲುಪಿದೆ. ನಾನು ಡಿಎನ್‌ಎಸ್ ಕಡೆ ತಲೆಹಾಕುವ ಅಗತ್ಯವೇ ಇರಲಿಲ್ಲ. ಆವತ್ತಿನಿಂದ ನಾನು ಇಟ್ಟುಕೊಂಡಿರುವ ಕ್ರಮ ಇದು: ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಮೊದಲು ನೋಡುವುದು, ಆಮೇಲೆ ಆ ಜಾಗಕ್ಕೆ ಮಾತ್ರ ಕೈ ಹಾಕುವುದು. ಕೆಳಗಿನ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ.

ಹೆಸರಿನಿಂದ ಪುಟದವರೆಗಿನ ದಾರಿ

ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ. ಹೊಸಬರು ಮೊದಲು ಎಡವುವುದೇ ಇಲ್ಲಿ. ಡೊಮೇನ್ ಅಂದರೆ ಬರೀ ಹೆಸರು. ಅದನ್ನು ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸುವ ಕಂಪನಿಯ ಹತ್ತಿರ ವರ್ಷದ ಲೆಕ್ಕದಲ್ಲಿ ನೋಂದಾಯಿಸಿರುತ್ತೀರಿ. ಹೋಸ್ಟಿಂಗ್ ಅಂದರೆ ಫೈಲುಗಳು ಕೂತಿರುವ ಜಾಗ. ಎರಡನ್ನೂ ಒಂದೇ ಕಂಪನಿಯಿಂದ ತಗೊಂಡಿದ್ದರೂ ಅವು ಎರಡು ಬೇರೆ ಬೇರೆ ವ್ಯವಹಾರಗಳೇ. ಹೆಸರು ಕೊಂಡ ಮಾತ್ರಕ್ಕೆ ಅದು ತಾನಾಗಿ ನಿಮ್ಮ ಫೈಲುಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಎರಡನ್ನೂ ಜೋಡಿಸುವ ಕೆಲಸ ಡಿಎನ್‌ಎಸ್‌ನದು.

ಡಿಎನ್‌ಎಸ್ ಹುಟ್ಟಿದ್ದು 1983ರಲ್ಲಿ, ಪಾಲ್ ಮೊಕಪೆಟ್ರಿಸ್ ಕೈಯಲ್ಲಿ. ಅದಕ್ಕೂ ಮುಂಚೆ ನೆಟ್‌ವರ್ಕಿನಲ್ಲಿದ್ದ ಎಲ್ಲ ಯಂತ್ರಗಳ ಹೆಸರು ಮತ್ತು ನಂಬರುಗಳು ‘ಹೋಸ್ಟ್ಸ್’ ಅನ್ನುವ ಒಂದೇ ಒಂದು ಫೈಲಿನಲ್ಲಿ ಇರುತ್ತಿದ್ದವು. ಎಲ್ಲರೂ ಅದರ ನಕಲು ಇಳಿಸಿಕೊಳ್ಳುತ್ತಿದ್ದರು. ಆ ಫೈಲಿನ ಪಳೆಯುಳಿಕೆ ನಿಮ್ಮ ಕಂಪ್ಯೂಟರಿನಲ್ಲಿ ಇವತ್ತಿಗೂ ಇದೆ. ಅದು ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

ಈಗ ‘ಎಕ್ಸಾಂಪಲ್ ಡಾಟ್ ಕಾಮ್’ ಅಂತ ಹೊಡೆದು ಎಂಟರ್ ಒತ್ತಿದಿರಿ ಅಂದುಕೊಳ್ಳಿ. ಇದು ಉದಾಹರಣೆಗೆಂದೇ ಮೀಸಲಿಟ್ಟ ಹೆಸರು. ನಿಮ್ಮ ಹೆಸರನ್ನು ಅದರ ಜಾಗದಲ್ಲಿ ಹಾಕಿಕೊಂಡು ಓದಿ. ಬ್ರೌಸರ್ ಮೊದಲು ಡಿಎನ್‌ಎಸ್ ಹತ್ತಿರ ಈ ಹೆಸರಿನ ಐಪಿ ನಂಬರು, ಅಂದರೆ ಆ ಸೈಟಿರುವ ಯಂತ್ರದ ವಿಳಾಸ ಕೇಳುತ್ತದೆ. 203.0.113.25 ಅಂತ ಉತ್ತರ ಬಂತು ಅನ್ನಿ. ಆ ನಂಬರಿನ ಯಂತ್ರದ ಬಾಗಿಲು ತಟ್ಟುತ್ತದೆ. ಎಚ್‌ಟಿಟಿಪಿ ಆದರೆ 80ನೇ ಪೋರ್ಟು, ಎಚ್‌ಟಿಟಿಪಿಎಸ್ ಆದರೆ 443. ಬಾಗಿಲು ತೆರೆದರೆ ‘ನನಗೆ ಎಕ್ಸಾಂಪಲ್ ಡಾಟ್ ಕಾಮ್ ಬೇಕು’ ಅನ್ನುತ್ತದೆ. ಸರ್ವರ್ ತನ್ನ ಹತ್ತಿರ ಇರುವ ಸೈಟುಗಳಲ್ಲಿ ಆ ಹೆಸರಿನದು ಯಾವುದು ಅಂತ ನೋಡಿ ಅದರ ಫೋಲ್ಡರಿಗೆ ಹೋಗುತ್ತದೆ. ನೀವು ಯಾವ ಫೈಲಿನ ಹೆಸರನ್ನೂ ಹೇಳಿಲ್ಲ ಅಲ್ವಾ? ಹಾಗಾಗಿ ಆ ಫೋಲ್ಡರಿನಲ್ಲಿ ಮುಖಪುಟ ಅಂತ ಗುರುತಿಸಿದ ಫೈಲು ಇದೆಯಾ ಅಂತ ಹುಡುಕುತ್ತದೆ. ಸಿಕ್ಕರೆ ಕೊಡುತ್ತದೆ.

ದಾರಿ ಇಷ್ಟೇ. ಹೆಸರು, ನಂಬರು, ಬಾಗಿಲು, ಫೋಲ್ಡರು, ಫೈಲು.

ಏನನ್ನೂ ಮುಟ್ಟುವ ಮುಂಚೆ ಪರದೆ ಓದಿ

ಹೋಮ್ ಪೇಜ್ ಬರದಿದ್ದಾಗ ಬ್ರೌಸರ್ ಸುಮ್ನೆ ಕೂರುವುದಿಲ್ಲ, ಏನೋ ಒಂದು ಹೇಳುತ್ತದೆ. ನಾವು ಅದನ್ನು ಓದದೆ ಮುಚ್ಚುತ್ತೇವೆ. ಮುಚ್ಚಬೇಡಿ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

‘ಎನ್‌ಎಕ್ಸ್‌ಡೊಮೈನ್’ ಅಂತಲೋ, ಸರ್ವರ್‌ನ ಐಪಿ ವಿಳಾಸ ಸಿಗಲಿಲ್ಲ ಅಂತಲೋ ಇದ್ದರೆ ಗಾಡಿ ಮೊದಲ ಹೆಜ್ಜೆಯಲ್ಲೇ ನಿಂತಿದೆ. ಡಿಎನ್‌ಎಸ್ ನೋಡಬೇಕು. ‘ರೆಫ್ಯೂಸ್ಡ್ ಟು ಕನೆಕ್ಟ್’ ಅಂದರೆ ನಂಬರು ಸಿಕ್ಕಿದೆ, ಯಂತ್ರವೂ ಇದೆ, ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ವೆಬ್ ಸರ್ವರ್ ನಿಂತುಹೋಗಿರಬಹುದು. ಪುಟ ತಿರುಗಿ ತಿರುಗಿ ಕೊನೆಗೆ ‘ಟೈಮ್ಡ್ ಔಟ್’ ಅಂದರೆ ಸಾಮಾನ್ಯವಾಗಿ ಫೈರ್‌ವಾಲ್ ತಡೆದಿರುತ್ತದೆ, ಇಲ್ಲವೇ ಐಪಿ ನಂಬರೇ ತಪ್ಪಾಗಿರುತ್ತದೆ.

‘ವೆಲ್ಕಮ್ ಟು ಎಂಜಿನ್‌ಎಕ್ಸ್’ ಅಥವಾ ಅಪಾಚೆಯ ಡೀಫಾಲ್ಟ್ ಪುಟ ಬಂದರೆ ಖುಷಿಪಡಿ (ಎರಡೂ ವೆಬ್ ಸರ್ವರ್ ತಂತ್ರಾಂಶಗಳ ಹೆಸರು). ಮುಕ್ಕಾಲು ಕೆಲಸ ಆಗಿದೆ. ಸರ್ವರ್‌ಗೆ ನಿಮ್ಮ ಹೆಸರು ಪರಿಚಯ ಇಲ್ಲ, ಅಷ್ಟೆ. 403 ಬಂದರೆ, ಇಲ್ಲವೇ ‘ಇಂಡೆಕ್ಸ್ ಆಫ್’ ಅಂತ ಫೈಲುಗಳ ಪಟ್ಟಿ ಕಂಡರೆ ಫೋಲ್ಡರ್ ಮತ್ತು ಫೈಲಿನ ಕಡೆ ಹೋಗಿ. 500 ಬಂದರೆ ನಿಮ್ಮ ಕೋಡಿನಲ್ಲೋ ಸೆಟ್ಟಿಂಗ್ ಫೈಲಿನಲ್ಲೋ ತಪ್ಪಿದೆ. ಅದಕ್ಕೂ ಡೊಮೇನಿಗೂ ಸಂಬಂಧವಿಲ್ಲ. ಜಾಹೀರಾತು ತುಂಬಿದ ಪುಟವೋ, ಈ ಡೊಮೇನ್ ಮಾರಾಟಕ್ಕಿದೆ ಅನ್ನುವ ಪುಟವೋ ಬಂದರೆ ಅದು ಪಾರ್ಕಿಂಗ್ ಪುಟ. ಹೆಸರು ಇನ್ನೂ ರಿಜಿಸ್ಟ್ರಾರ್‌ನ ಸರ್ವರ್‌ಗೇ ತೋರಿಸುತ್ತಿದೆ, ಇಲ್ಲವೇ ಅದರ ಅವಧಿ ಮುಗಿದಿದೆ.

ಹೆಜ್ಜೆ 1: ಹೆಸರು ಜೀವಂತ ಇದೆಯಾ?

ಇದು ಎರಡು ನಿಮಿಷದ ಕೆಲಸ. ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ ಅವಧಿ ಮುಗಿಯುವ ದಿನ ನೋಡಿ. ಡೊಮೇನಿನ ನೋಂದಣಿ ವಿವರ ತೋರಿಸುವ ಯಾವುದಾದರೂ ‘ಹೂಈಸ್’ ಹುಡುಕಾಟದಲ್ಲಿ ನಿಮ್ಮ ಹೆಸರು ಹಾಕಿ ಸ್ಟೇಟಸ್ ಸಾಲನ್ನೂ ಓದಿ. ಅಲ್ಲಿ ‘ಕ್ಲೈಂಟ್ ಹೋಲ್ಡ್’ ಅಂತ ಇದ್ದರೆ ಹೆಸರನ್ನು ತಡೆಹಿಡಿದಿದ್ದಾರೆ, ನೀವು ರೆಕಾರ್ಡ್ ಏನೇ ಹಾಕಿದರೂ ತೆರೆಯುವುದಿಲ್ಲ.

ಹೊಸ ಡೊಮೇನಿಗೆ ಹೀಗಾಗುವುದು ಹೆಚ್ಚಾಗಿ ಒಂದು ಇಮೇಲ್‌ನಿಂದ. ಡಾಟ್ ಕಾಮ್‌ನಂಥ ಹೆಸರು ಕೊಂಡಾಗ ನಿಮ್ಮ ಇಮೇಲ್ ವಿಳಾಸ ಖಚಿತಪಡಿಸಿ ಅಂತ ಒಂದು ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಡೊಮೇನನ್ನು ನಿಲ್ಲಿಸಬೇಕು ಅನ್ನುವುದು ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕಾನ್‌ನ ನಿಯಮ. ಸೈಟು ಎರಡು ವಾರ ಚೆನ್ನಾಗಿ ಓಡಿ ಒಂದು ದಿನ ಬೆಳಗ್ಗೆ ಮಾಯವಾದರೆ ಮೊದಲು ಸ್ಪ್ಯಾಮ್ ಫೋಲ್ಡರ್ ತೆರೆಯಿರಿ.

ಹೆಜ್ಜೆ 2: ಹೆಸರು ಸರಿಯಾದ ನಂಬರು ಹೇಳುತ್ತಿದೆಯಾ?

ಹೋಸ್ಟಿಂಗ್ ಪ್ಯಾನೆಲ್ ತೆರೆದು ನಿಮ್ಮ ಸರ್ವರ್‌ನ ಐಪಿ ನಂಬರು ಯಾವುದು ಅಂತ ಬರೆದಿಟ್ಟುಕೊಳ್ಳಿ. ಈಗ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್ ತೆರೆದು ‘ಎನ್‌ಎಸ್‌ಲುಕಪ್’ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು ನಿಮ್ಮ ಡೊಮೇನ್ ಹೆಸರು ಹಾಕಿ ಎಂಟರ್ ಒತ್ತಿ.

ಬರುವ ಉತ್ತರವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮೇಲಿನ ಎರಡು ಸಾಲುಗಳಲ್ಲಿ ‘ಸರ್ವರ್’ ಮತ್ತು ‘ಅಡ್ರೆಸ್’ ಅಂತ ಇರುತ್ತದೆ. ಅದು ನಿಮ್ಮ ಸೈಟಿನ ನಂಬರಲ್ಲ, ನೀವು ಪ್ರಶ್ನೆ ಕೇಳಿದ ಡಿಎನ್‌ಎಸ್ ಸರ್ವರ್‌ನದು. ತುಂಬ ಜನ ಇದನ್ನೇ ಉತ್ತರ ಅಂದುಕೊಂಡು ಗಾಬರಿಯಾಗುತ್ತಾರೆ. ನಿಮಗೆ ಬೇಕಾದದ್ದು ಅದರ ಕೆಳಗಿದೆ. ನಡುವೆ ‘ನಾನ್-ಅಥಾರಿಟೇಟಿವ್ ಆನ್ಸರ್’ ಅನ್ನುವ ಸಾಲೂ ಬರಬಹುದು. ಅದು ಎರರ್ ಅಲ್ಲ. ನೆನಪಿನಲ್ಲಿಟ್ಟುಕೊಂಡ ಉತ್ತರ ಕೊಡುತ್ತಿದ್ದೇನೆ ಅಂತ ಅದರ ಅರ್ಥ. ಅದರ ಕೆಳಗಿನ ನಂಬರು ನಿಮ್ಮ ಚೀಟಿಯಲ್ಲಿರುವ ನಂಬರಿಗೆ ಹೊಂದಿದರೆ ಮೂರನೇ ಹೆಜ್ಜೆಗೆ ಹೋಗಿ. ಓದುಗರಿಗೂ ನಿಮ್ಮ ಸರ್ವರ್‌ಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್‌ನಂಥ ಸೇವೆಯನ್ನು ಮುಂದೆ ಇಟ್ಟುಕೊಂಡಿದ್ದರೆ ಮಾತ್ರ ಇಲ್ಲಿ ಅವರ ನಂಬರು ಕಾಣುತ್ತದೆ. ಅದು ಸರಿಯೇ.

ಹೊಂದದಿದ್ದರೆ ಮೊದಲ ಪ್ರಶ್ನೆ ಎ ರೆಕಾರ್ಡ್ ಯಾವುದು ಅಂತ ಅಲ್ಲ. ನೇಮ್‌ಸರ್ವರ್ ಯಾವುದು ಅಂತ. ಡೊಮೇನಿನ ರೆಕಾರ್ಡುಗಳು ಯಾರ ಹತ್ತಿರ ಇವೆ ಅಂತ ಹೇಳುವುದು ನೇಮ್‌ಸರ್ವರ್. ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲೂ ಡಿಎನ್‌ಎಸ್ ಪುಟ ಇರುತ್ತದೆ, ಹೋಸ್ಟಿಂಗ್ ಪ್ಯಾನೆಲ್‌ನಲ್ಲೂ ಇರುತ್ತದೆ. ಜಗತ್ತು ಓದುವುದು ಎರಡರಲ್ಲಿ ಒಂದನ್ನು ಮಾತ್ರ. ನೇಮ್‌ಸರ್ವರ್ ಹೋಸ್ಟಿಂಗ್ ಕಂಪನಿಯದಾಗಿದ್ದು ನೀವು ರಿಜಿಸ್ಟ್ರಾರ್ ಪುಟದಲ್ಲಿ ಎ ರೆಕಾರ್ಡ್ ತಿದ್ದುತ್ತಾ ಕೂತರೆ ವರ್ಷ ಕಳೆದರೂ ಏನೂ ಆಗುವುದಿಲ್ಲ. ಅಲ್ಲಿ ‘ಸೇವ್ ಆಯಿತು’ ಅಂತಲೂ ತೋರಿಸುತ್ತದೆ ನೋಡಿ, ಅದೇ ಕಷ್ಟ.

ಎರಡು ದಾರಿಗಳಿವೆ. ಒಂದು, ನೇಮ್‌ಸರ್ವರನ್ನೇ ಹೋಸ್ಟಿಂಗ್ ಕಂಪನಿಯದಕ್ಕೆ ಬದಲಿಸುವುದು. ಇನ್ನೊಂದು, ನೇಮ್‌ಸರ್ವರ್ ಇದ್ದಲ್ಲೇ ಇರಲಿ ಅಂತ ಬಿಟ್ಟು ಎ ರೆಕಾರ್ಡ್ ಮಾತ್ರ ತಿದ್ದುವುದು. ಈ ಡೊಮೇನಿನಲ್ಲಿ ಇಮೇಲ್ ಓಡುತ್ತಿದ್ದರೆ ನಾನು ಎರಡನೆಯದನ್ನೇ ಮಾಡುತ್ತೇನೆ. ನೇಮ್‌ಸರ್ವರ್ ಬದಲಿಸಿದರೆ ಹಳೆಯ ಜಾಗದಲ್ಲಿದ್ದ, ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡುಗಳು ಜೊತೆಗೆ ಬರುವುದಿಲ್ಲ. ಸೈಟು ತೆರೆದ ಸಂತೋಷದಲ್ಲಿ ಇಮೇಲ್ ನಿಂತದ್ದು ಗೊತ್ತೇ ಆಗುವುದಿಲ್ಲ.

ಎ ರೆಕಾರ್ಡ್ ಹಾಕುವಾಗ ಮೂರು ಖಾನೆಗಳು ಮುಖ್ಯ. ಟೈಪ್‌ನಲ್ಲಿ ‘ಎ’. ಹೆಸರಿನ ಖಾನೆಯಲ್ಲಿ @ ಚಿಹ್ನೆ. ಇದರ ಅರ್ಥ ‘ಡೊಮೇನ್ ಹೆಸರೇ, ಮುಂದೆ ಏನೂ ಇಲ್ಲದೆ’. ಮೌಲ್ಯದ ಖಾನೆಯಲ್ಲಿ ಐಪಿ ನಂಬರು. ಹೆಸರಿನ ಖಾನೆಯಲ್ಲಿ ಪೂರ್ತಿ ಡೊಮೇನ್ ಬರೆಯಬೇಡಿ. ಹಲವು ಪ್ಯಾನೆಲ್‌ಗಳು ಡೊಮೇನನ್ನು ತಾವೇ ಕೊನೆಗೆ ಅಂಟಿಸುತ್ತವೆ. ಆಗ ನೀವು ಮಾಡಿದ ರೆಕಾರ್ಡ್ ‘ಎಕ್ಸಾಂಪಲ್ ಡಾಟ್ ಕಾಮ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್’ ಅನ್ನುವ ಹೆಸರಿಗೆ ಹೋಗಿರುತ್ತದೆ. ಸೇವ್ ಮಾಡಿದ ಮೇಲೆ ಪಟ್ಟಿಯಲ್ಲಿ ಅದು ಹೇಗೆ ಕಾಣುತ್ತಿದೆ ಅಂತ ಒಮ್ಮೆ ಕಣ್ಣಾಡಿಸಿ.

ಮುಂದೆ ಮೂರು ಡಬ್ಲ್ಯೂ ಇರುವ ಹೆಸರು ಡಿಎನ್‌ಎಸ್ ಲೆಕ್ಕದಲ್ಲಿ ಬೇರೆಯೇ ಹೆಸರು. ಅದಕ್ಕೂ ಒಂದು ರೆಕಾರ್ಡ್ ಬೇಕು. ಅಲ್ಲಿ ಸಿನೇಮ್, ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್ ಹಾಕಿ ಮುಖ್ಯ ಡೊಮೇನಿಗೆ ತೋರಿಸಿದರೆ ಸಾಕು. ಆದರೆ @ ಜಾಗದಲ್ಲಿ ಸಿನೇಮ್ ಹಾಕುವ ಹಾಗಿಲ್ಲ. ಸಿನೇಮ್ ಇರುವ ಹೆಸರಿನಲ್ಲಿ ಬೇರೆ ರೆಕಾರ್ಡ್ ಇರಬಾರದು ಅನ್ನುವುದು ಡಿಎನ್‌ಎಸ್‌ನ ಮೂಲ ನಿಯಮ, @ನಲ್ಲಿ ನೇಮ್‌ಸರ್ವರ್ ರೆಕಾರ್ಡುಗಳು ಇದ್ದೇ ಇರುತ್ತವೆ. ಹೋಸ್ಟಿಂಗ್‌ನವರು ಐಪಿ ಬದಲು ಒಂದು ಹೆಸರನ್ನೇ ಕೊಟ್ಟಿದ್ದರೆ ನಿಮ್ಮ ಪ್ಯಾನೆಲ್‌ನಲ್ಲಿ ‘ಅಲಿಯಾಸ್’ ಅಥವಾ ‘ಎ-ನೇಮ್’ ಅನ್ನುವ ಆಯ್ಕೆ ಇದೆಯಾ ನೋಡಿ.

ಇನ್ನೊಂದು ಕಳ್ಳ ಜಾಗ ಇದೆ. ಅದರ ಹೆಸರು ನಾಲ್ಕು ಎ, ಅಂದರೆ ಐಪಿವಿ6 ಅನ್ನುವ ಹೊಸ ಬಗೆಯ ಉದ್ದ ಐಪಿ ನಂಬರಿನ ರೆಕಾರ್ಡ್. ಹಳೆಯ ಹೋಸ್ಟಿಂಗ್‌ನಿಂದ ಹೊಸದಕ್ಕೆ ಬಂದವರು ಎ ರೆಕಾರ್ಡ್ ಬದಲಿಸಿ ಇದನ್ನು ಮರೆತುಬಿಡುತ್ತಾರೆ. ಆಗ ಕೆಲವರಿಗೆ ಹೊಸ ಸೈಟು, ಕೆಲವರಿಗೆ ಹಳೆಯದು. ಒಂದೇ ಮನೆಯಲ್ಲಿ ವೈಫೈನಲ್ಲಿ ಒಂದು, ಮೊಬೈಲ್ ಡೇಟಾದಲ್ಲಿ ಇನ್ನೊಂದು ಕಂಡದ್ದೂ ಉಂಟು. ಹೊಸ ಸರ್ವರ್‌ಗೆ ಐಪಿವಿ6 ಇಲ್ಲದಿದ್ದರೆ ಆ ರೆಕಾರ್ಡ್ ಅಳಿಸಿ.

ಎಷ್ಟು ಹೊತ್ತು ಕಾಯಬೇಕು?

‘ಪ್ರೊಪಗೇಶನ್‌ಗೆ 24ರಿಂದ 48 ಗಂಟೆ’, ಅಂದರೆ ಬದಲಾವಣೆ ಎಲ್ಲೆಡೆ ಹರಡಲು ಅಷ್ಟು ಹೊತ್ತು ಬೇಕು ಅಂತ ಎಲ್ಲರೂ ಮಂತ್ರದ ಹಾಗೆ ಹೇಳುತ್ತಾರೆ. ನನಗೆ ಈ ಮಾತು ಅಷ್ಟು ಇಷ್ಟವಿಲ್ಲ. ಹೊಸ ಉತ್ತರವನ್ನು ಯಾರೂ ಜಗತ್ತಿಗೆಲ್ಲ ಹಂಚುತ್ತಾ ಹೋಗುವುದಿಲ್ಲ. ಹಳೆಯ ಉತ್ತರವನ್ನು ನೆನಪಿಟ್ಟುಕೊಂಡ ಸರ್ವರ್‌ಗಳು ಅದನ್ನು ಮರೆಯಬೇಕು, ಅಷ್ಟೆ. ಎಷ್ಟು ಹೊತ್ತಿಗೆ ಮರೆಯಬೇಕು ಅಂತ ಪ್ರತಿ ರೆಕಾರ್ಡಿನ ಪಕ್ಕದಲ್ಲೇ ಬರೆದಿರುತ್ತದೆ. ಅದೇ ಟಿಟಿಎಲ್, ಸೆಕೆಂಡುಗಳ ಲೆಕ್ಕದಲ್ಲಿ. 3600 ಅಂದರೆ ಒಂದು ಗಂಟೆ. 300 ಅಂದರೆ ಐದು ನಿಮಿಷ. ಎ ರೆಕಾರ್ಡ್ ಬದಲಿಸಿದವರು ಸಾಮಾನ್ಯವಾಗಿ ಇಷ್ಟು ಕಾದರೆ ಸಾಕು. 48 ಗಂಟೆಯ ಮಾತು ಬಂದದ್ದು ನೇಮ್‌ಸರ್ವರ್ ಬದಲಾವಣೆಯಿಂದ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ ಮಾಹಿತಿಗೆ ಮೇಲಿನ ಮಟ್ಟದಲ್ಲಿ ಇಟ್ಟಿರುವ ಟಿಟಿಎಲ್ 172800 ಸೆಕೆಂಡು. ಲೆಕ್ಕ ಹಾಕಿ, ಸರಿಯಾಗಿ ಎರಡು ದಿನ.

ಸೈಟು ಸ್ಥಳಾಂತರ ಮಾಡುವ ಯೋಚನೆ ಇದ್ದರೆ ಒಂದು ದಿನ ಮುಂಚೆಯೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಡಿ. ಬದಲಿಸಿದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ ಟಿಟಿಎಲ್ ಆಗಲೇ ಎಲ್ಲರ ನೆನಪಿನಲ್ಲಿ ಕೂತಿರುತ್ತದೆ. ಹಾಗೆಯೇ, ರೆಕಾರ್ಡ್ ಹಾಕುವ ಮುಂಚೆಯೇ ಕುತೂಹಲಕ್ಕೆ ಹೆಸರು ಹೊಡೆದು ನೋಡಬೇಡಿ. ‘ಇಲ್ಲ’ ಅನ್ನುವ ಉತ್ತರವನ್ನೂ ಡಿಎನ್‌ಎಸ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ.

ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಹಳೆಯದನ್ನೇ ಹಿಡಿದುಕೊಂಡಿದೆಯಾ ಅಂತ ನೋಡಬೇಕಿದ್ದರೆ ಎನ್‌ಎಸ್‌ಲುಕಪ್ ಸಾಲಿನ ಕೊನೆಗೆ ಇನ್ನೊಂದು ಸ್ಪೇಸ್ ಬಿಟ್ಟು 8.8.8.8 ಅಥವಾ 1.1.1.1 ಸೇರಿಸಿ. ಮೊದಲನೆಯದು ಗೂಗಲ್‌ನ ಡಿಎನ್‌ಎಸ್, ಎರಡನೆಯದು ಕ್ಲೌಡ್‌ಫ್ಲೇರ್‌ನದು. ಅಲ್ಲಿ ಹೊಸ ನಂಬರು ಬಂದು ನಿಮ್ಮಲ್ಲಿ ಮಾತ್ರ ಹಳೆಯದು ಬರುತ್ತಿದ್ದರೆ ರೆಕಾರ್ಡ್ ಸರಿಯಿದೆ. ಕಾಯಿರಿ, ಮತ್ತೆ ಕೆದಕಬೇಡಿ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟರೆ ನಿಮ್ಮ ಕಂಪ್ಯೂಟರಿನ ನೆನಪಾದರೂ ಖಾಲಿಯಾಗುತ್ತದೆ.

ಹೆಜ್ಜೆ 3: ಸರ್ವರ್‌ಗೆ ನಿಮ್ಮ ಹೆಸರು ಗೊತ್ತಾ?

ಒಂದೇ ಯಂತ್ರದಲ್ಲಿ ನೂರಾರು ಸೈಟುಗಳು ಒಂದೇ ಐಪಿ ಹಂಚಿಕೊಂಡು ಇರುತ್ತವೆ. ಬಂದವರಿಗೆ ಯಾವುದು ಬೇಕು ಅಂತ ಸರ್ವರ್ ತಿಳಿಯುವುದು ಬ್ರೌಸರ್ ಕಳಿಸುವ ‘ಹೋಸ್ಟ್’ ಅನ್ನುವ ಸಾಲಿನಿಂದ. ಎಚ್‌ಟಿಟಿಪಿ 1.1ರಲ್ಲಿ ಈ ಸಾಲನ್ನು ಕಡ್ಡಾಯ ಮಾಡಿದರು. ಹಾಗಾಗಿ ಶೇರ್ಡ್ ಹೋಸ್ಟಿಂಗ್‌ನಲ್ಲಿ ಬರೀ ಐಪಿ ನಂಬರು ಹೊಡೆದು ನಿಮ್ಮ ಸೈಟು ಬರಲಿಲ್ಲ ಅಂತ ಹೆದರಬೇಡಿ. ನಂಬರಿನಲ್ಲಿ ಹೆಸರಿಲ್ಲವಲ್ಲ, ಸರ್ವರ್ ಯಾವುದನ್ನು ಕೊಡಬೇಕು?

ಕಂಟ್ರೋಲ್ ಪ್ಯಾನೆಲ್ ಇರುವವರು ‘ಡೊಮೇನ್ಸ್’ ವಿಭಾಗದಲ್ಲಿ ನಿಮ್ಮ ಹೆಸರು ಸೇರಿದೆಯಾ, ಅದರ ಮುಂದೆ ಯಾವ ಫೋಲ್ಡರು ಬರೆದಿದೆ ಅಂತ ನೋಡಿ. ಎರಡನೇ ಡೊಮೇನ್ ಆದರೆ ಅದಕ್ಕೆ ಪ್ರತ್ಯೇಕ ಫೋಲ್ಡರು ಇರುತ್ತದೆ. ಫೈಲುಗಳನ್ನು ಮೊದಲ ಸೈಟಿನ ಫೋಲ್ಡರಿಗೆ ಹಾಕಿ ಎರಡನೆಯದರಲ್ಲಿ ಹುಡುಕುವವರು ಕಡಿಮೆಯೇನಲ್ಲ.

ಸ್ವಂತ ಸರ್ವರ್ ನಡೆಸುವವರು ಸೆಟ್ಟಿಂಗ್ ಫೈಲನ್ನೇ ನೋಡಬೇಕು. ಅಪಾಚೆಯಲ್ಲಿ ವರ್ಚುವಲ್ ಹೋಸ್ಟ್ ಒಳಗೆ ‘ಸರ್ವರ್‌ನೇಮ್’ ಸಾಲಿನಲ್ಲಿ ಡೊಮೇನ್, ‘ಸರ್ವರ್‌ಅಲಿಯಾಸ್’ ಸಾಲಿನಲ್ಲಿ ಮೂರು ಡಬ್ಲ್ಯೂ ಇರುವ ಹೆಸರು. ಎಂಜಿನ್‌ಎಕ್ಸ್‌ನಲ್ಲಿ ಎರಡನ್ನೂ ‘ಸರ್ವರ್ ಅಂಡರ್‌ಸ್ಕೋರ್ ನೇಮ್’ ಸಾಲಿನಲ್ಲೇ ಸ್ಪೇಸ್ ಬಿಟ್ಟು ಬರೆಯುತ್ತೀರಿ. ಹೆಸರು ಯಾವ ಬ್ಲಾಕಿಗೂ ಹೊಂದದಿದ್ದರೆ ಎಂಜಿನ್‌ಎಕ್ಸ್ ಡೀಫಾಲ್ಟ್ ಬ್ಲಾಕನ್ನು ಕೊಡುತ್ತದೆ, ಆ ‘ವೆಲ್ಕಮ್’ ಪುಟ ಬರುವುದು ಅಲ್ಲಿಂದಲೇ. ತಿದ್ದಿದ ಮೇಲೆ ಸರ್ವರನ್ನು ರೀಲೋಡ್ ಮಾಡಲು ಮರೆಯಬೇಡಿ. ಅದಕ್ಕೂ ಮುಂಚೆ ಕಾನ್ಫಿಗ್ ಪರೀಕ್ಷೆ ಮಾಡಿ. ಟರ್ಮಿನಲ್‌ನಲ್ಲಿ ಎಂಜಿನ್‌ಎಕ್ಸ್ ಅಂತ ಬರೆದು, ಸ್ಪೇಸ್ ಬಿಟ್ಟು ಮೈನಸ್ ‘ಟಿ’ ಕೊಟ್ಟರೆ ಯಾವ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದೀರಿ ಅಂತ ಅದೇ ಹೇಳುತ್ತದೆ.

ಡಿಎನ್‌ಎಸ್ ಇನ್ನೂ ಬದಲಾಗಿಲ್ಲ, ಆದರೆ ಹೊಸ ಸರ್ವರ್ ಸರಿಯಿದೆಯಾ ಅಂತ ಈಗಲೇ ನೋಡಬೇಕು ಅಂದರೆ? ಆಗ ಬರುತ್ತದೆ ಆ ಹಳೆಯ ಹೋಸ್ಟ್ಸ್ ಫೈಲು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಇದು ‘ಇಟಿಸಿ’ ಫೋಲ್ಡರಿನಲ್ಲಿದೆ. ವಿಂಡೋಸ್‌ನಲ್ಲಿ ಸಿಸ್ಟಮ್32 ಒಳಗಿನ ‘ಡ್ರೈವರ್ಸ್’, ಅದರೊಳಗಿನ ‘ಇಟಿಸಿ’ಯಲ್ಲಿದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಕೊನೆಗೆ ಒಂದು ಸಾಲು ಸೇರಿಸಿ: ಮೊದಲು ಹೊಸ ಐಪಿ ನಂಬರು, ಸ್ಪೇಸ್, ಆಮೇಲೆ ಡೊಮೇನ್ ಹೆಸರು. ಈಗ ನಿಮ್ಮ ಕಂಪ್ಯೂಟರಿಗೆ ಮಾತ್ರ ಆ ಹೆಸರು ಹೊಸ ಸರ್ವರ್‌ಗೆ ಹೋಗುತ್ತದೆ.

ಹೆಜ್ಜೆ 4: ಫೋಲ್ಡರು ಮತ್ತು ಫೈಲು

ನನ್ನ ಅನುಭವದಲ್ಲಿ ಅತಿ ಜಾಸ್ತಿ ತಪ್ಪುಗಳು ಇರುವುದು ಇಲ್ಲಿ, ಅತಿ ಕಡಿಮೆ ಜನ ಹುಡುಕುವುದೂ ಇಲ್ಲಿ.

ಸರ್ವರ್ ಫೈಲುಗಳನ್ನು ಕೊಡುವ ಫೋಲ್ಡರಿಗೆ ಡಾಕ್ಯುಮೆಂಟ್ ರೂಟ್ ಅನ್ನುತ್ತಾರೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಹೆಚ್ಚಾಗಿ ಇದರ ಹೆಸರು ‘ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಂಎಲ್’. ಉಬುಂಟುವಿನಲ್ಲಿ ಅಪಾಚೆ ಹಾಕಿದರೆ ‘ವಾರ್’ ಒಳಗಿನ ಮೂರು ಡಬ್ಲ್ಯೂ ಫೋಲ್ಡರು, ಅದರೊಳಗಿನ ‘ಎಚ್‌ಟಿಎಂಎಲ್’. ಮುಖಪುಟದ ಫೈಲು ನೇರವಾಗಿ ಇದರೊಳಗೆ ಇರಬೇಕು. ಒಂದು ಮಟ್ಟ ಮೇಲಲ್ಲ, ಒಂದು ಮಟ್ಟ ಕೆಳಗೂ ಅಲ್ಲ.

ಕೆಳಗೆ ಹೋಗುವುದು ಹೇಗೆ ಗೊತ್ತಾ? ಕಂಪ್ಯೂಟರಿನಲ್ಲಿ ‘ಮೈಸೈಟ್’ ಅನ್ನುವ ಫೋಲ್ಡರನ್ನು ಜಿಪ್ ಮಾಡುತ್ತೀರಿ. ಸರ್ವರ್‌ಗೆ ಹಾಕಿ ಎಕ್ಸ್‌ಟ್ರಾಕ್ಟ್ ಒತ್ತುತ್ತೀರಿ. ಡಾಕ್ಯುಮೆಂಟ್ ರೂಟ್‌ನಲ್ಲಿ ಫೈಲುಗಳ ಬದಲು ‘ಮೈಸೈಟ್’ ಫೋಲ್ಡರೇ ಬಂದು ಕೂರುತ್ತದೆ. ಡೊಮೇನ್ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿ ‘ಮೈಸೈಟ್’ ಅಂತ ಸೇರಿಸಿದರೆ ಪುಟ ಚೆನ್ನಾಗಿ ಬರುತ್ತದೆ, ಬರೀ ಹೆಸರಿಗೆ ಬರುವುದಿಲ್ಲ. ನಿಮ್ಮದು ಹೀಗಿದ್ದರೆ ಬೇರೆ ಏನೂ ಬೇಡ. ಫೈಲ್ ಮ್ಯಾನೇಜರ್‌ನಲ್ಲಿ ಆ ಫೋಲ್ಡರಿನೊಳಗಿನ ಎಲ್ಲವನ್ನೂ ಆಯ್ದು ಒಂದು ಮಟ್ಟ ಮೇಲಕ್ಕೆ ಮೂವ್ ಮಾಡಿ. ಚುಕ್ಕೆಯಿಂದ ಶುರುವಾಗುವ ‘ಎಚ್‌ಟಿಅಕ್ಸೆಸ್’ನಂಥ ಅಡಗಿದ ಫೈಲುಗಳನ್ನೂ ಬಿಡಬೇಡಿ. ಅವು ಕಾಣಬೇಕಾದರೆ ‘ಹಿಡನ್ ಫೈಲ್ಸ್’ ತೋರಿಸುವ ಸೆಟ್ಟಿಂಗ್ ಆನ್ ಮಾಡಬೇಕು.

ಇನ್ನು ಫೈಲಿನ ಹೆಸರು. ಸರ್ವರ್ ಹುಡುಕುವುದು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಅನ್ನುವ ಫೈಲನ್ನು. ಪಿಎಚ್‌ಪಿ ಇರುವ ಕಡೆ ‘ಇಂಡೆಕ್ಸ್ ಡಾಟ್ ಪಿಎಚ್‌ಪಿ’ಯನ್ನೂ ಹುಡುಕುವ ಹಾಗೆ ಸೆಟ್ಟಿಂಗ್ ಇರುತ್ತದೆ. ನೀವು ‘ಹೋಮ್ ಡಾಟ್ ಎಚ್‌ಟಿಎಂಎಲ್’ ಅಂತ ಇಟ್ಟಿದ್ದರೆ ಅದು ಮುಖಪುಟ ಅಂತ ಸರ್ವರ್‌ಗೆ ಹೇಗೆ ತಿಳಿಯಬೇಕು? ಹೆಸರು ಬದಲಿಸಿ, ಎಲ್ಲಕ್ಕಿಂತ ಸುಲಭ ಅದೇ. ಆ ಹೆಸರೇ ಇರಬೇಕು ಅಂತ ಹಟವಿದ್ದರೆ ಅಪಾಚೆಯಲ್ಲಿ ‘ಡೈರೆಕ್ಟರಿಇಂಡೆಕ್ಸ್’, ಎಂಜಿನ್‌ಎಕ್ಸ್‌ನಲ್ಲಿ ‘ಇಂಡೆಕ್ಸ್’ ಸಾಲಿಗೆ ಆ ಹೆಸರು ಸೇರಿಸಿ.

ಅಕ್ಷರಗಳೆಲ್ಲ ಇಂಗ್ಲಿಷಿನ ಸ್ಮಾಲ್ ಲೆಟರ್ ಆಗಿರಲಿ. ವಿಂಡೋಸ್‌ಗೆ ಕ್ಯಾಪಿಟಲ್, ಸ್ಮಾಲ್ ಎರಡೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲು. ಮನೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿದ್ದು ಸರ್ವರ್‌ನಲ್ಲಿ 403 ಕೊಡುವುದು ಇದರಿಂದಲೇ. ನನ್ನ ಎರಡು ದಿನ ಹೋದದ್ದೂ ಹೀಗೆ. ನೋಟ್‌ಪ್ಯಾಡ್‌ನಲ್ಲಿ ಮಾಡಿದ ಫೈಲಾದರೆ ಇನ್ನೊಂದು ಅಪಾಯವಿದೆ. ವಿಂಡೋಸ್ ಫೈಲಿನ ಬಾಲವನ್ನು ಅಡಗಿಸುವುದರಿಂದ ನಿಮಗೆ ಹೆಸರು ಸರಿಯಾಗಿ ಕಾಣುತ್ತದೆ, ನಿಜವಾಗಿ ಅದರ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಕೊಂಡಿರುತ್ತದೆ. ಸರ್ವರ್‌ನ ಫೈಲ್ ಮ್ಯಾನೇಜರ್‌ನಲ್ಲಿ ನೋಡಿದರೆ ಪೂರ್ತಿ ಹೆಸರು ಕಾಣುತ್ತದೆ.

ಎಲ್ಲ ಸರಿಯಿದ್ದೂ ಹೋಸ್ಟಿಂಗ್ ಕಂಪನಿಯ ‘ಶೀಘ್ರದಲ್ಲಿ ಬರಲಿದೆ’ ಅನ್ನುವ ಪುಟವೇ ಬರುತ್ತಿದೆಯಾ? ಆ ಫೋಲ್ಡರಿನಲ್ಲಿ ಎರಡು ಇಂಡೆಕ್ಸ್ ಫೈಲುಗಳಿರಬಹುದು. ಒಂದು ನಿಮ್ಮದು, ಒಂದು ಅವರು ಮೊದಲೇ ಇಟ್ಟದ್ದು. ಸೆಟ್ಟಿಂಗ್‌ನ ಸಾಲಿನಲ್ಲಿ ಯಾವ ಹೆಸರು ಮುಂದಿದೆಯೋ ಅದಕ್ಕೆ ಮೊದಲ ಮಣೆ. ಅವರದನ್ನು ಅಳಿಸಿ, ಇಲ್ಲವೇ ಅದರ ಹೆಸರು ಬದಲಿಸಿ.

ಕೊನೆಗೆ ಪರ್ಮಿಷನ್, ಅಂದರೆ ಫೈಲನ್ನು ಯಾರು ಓದಬಹುದು, ಯಾರು ಬರೆಯಬಹುದು ಅಂತ ಹೇಳುವ ನಂಬರು. ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಇದ್ದರೆ ಸಾಕು. 403 ಹೋಗಲಿ ಅಂತ 777 ಕೊಡಬೇಡಿ. ಆಗ ಆ ಯಂತ್ರದಲ್ಲಿರುವ ಯಾರು ಬೇಕಾದರೂ ನಿಮ್ಮ ಫೈಲಿನಲ್ಲಿ ಬರೆಯಬಹುದು.

ಹೆಜ್ಜೆ 5: ಬೀಗ ಮತ್ತು ಮೂರು ಡಬ್ಲ್ಯೂ

ಎಚ್‌ಟಿಟಿಪಿಎಸ್‌ಗೆ, ಅಂದರೆ ವಿಳಾಸದ ಪಕ್ಕದ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಕೊನೆಯಲ್ಲಿ ಮಾಡಿ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಉಚಿತವಾಗಿ ಕೊಡುತ್ತಿದೆ. ಹಲವು ಪ್ಯಾನೆಲ್‌ಗಳಲ್ಲಿ ಒಂದು ಬಟನ್ ಒತ್ತಿದರೆ ಸಾಕು. ಸ್ವಂತ ಸರ್ವರ್‌ನವರಿಗೆ ಅದನ್ನು ತಂದು ಹಾಕುವ ಸರ್ಟ್‌ಬಾಟ್ ಅನ್ನುವ ತಂತ್ರಾಂಶ ಇದೆ. ಆದರೆ ಈ ಹೆಸರು ನಿಮ್ಮದೇ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಸಾಮಾನ್ಯವಾಗಿ ಪರೀಕ್ಷಿಸುವುದು 80ನೇ ಪೋರ್ಟಿನಲ್ಲಿ ನಿಮ್ಮ ಸೈಟಿಗೇ ಬಂದು. ಡಿಎನ್‌ಎಸ್ ಸರಿಯಾಗುವ ಮುಂಚೆ ಪ್ರಯತ್ನಿಸಿದರೆ ಅದು ಸೋಲುತ್ತದೆ. ಪಡೆಯುವಾಗ ಎರಡೂ ಹೆಸರುಗಳನ್ನು ಸೇರಿಸಿ. ಇಲ್ಲದಿದ್ದರೆ ಒಂದರಲ್ಲಿ ಬೀಗ, ಇನ್ನೊಂದರಲ್ಲಿ ಕೆಂಪು ಎಚ್ಚರಿಕೆ.

ಎರಡು ಹೆಸರುಗಳಲ್ಲಿ ಒಂದನ್ನು ಮುಖ್ಯ ಅಂತ ಆರಿಸಿ ಇನ್ನೊಂದರಿಂದ 301 ರೀಡೈರೆಕ್ಟ್, ಅಂದರೆ ಬಂದವರನ್ನು ಕಾಯಂ ಆಗಿ ಆ ಕಡೆ ಕಳಿಸುವ ಸೂಚನೆ ಹಾಕಿ. ಯಾವುದನ್ನು ಆರಿಸಿದರೂ ಪರವಾಗಿಲ್ಲ. ಮೊದಲು ಪರೀಕ್ಷೆಗೆ ತಾತ್ಕಾಲಿಕವಾದ 302 ಹಾಕಿ, ಸರಿ ಅನ್ನಿಸಿದ ಮೇಲೆ 301 ಮಾಡಿ. ಬ್ರೌಸರ್ 301 ಅನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತದೆ. ತಪ್ಪು ಮಾಡಿ ತಿದ್ದಿದರೂ ನಿಮ್ಮ ಬ್ರೌಸರ್ ಹಳೆಯ ದಾರಿಯಲ್ಲೇ ಓಡುತ್ತಿರುತ್ತದೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡುವ ಅಭ್ಯಾಸ ಇರಲಿ.

‘ಟೂ ಮೆನಿ ರೀಡೈರೆಕ್ಟ್ಸ್’ ಬಂದರೆ ಇಬ್ಬರು ಒಬ್ಬರ ಕಡೆ ಒಬ್ಬರು ತಳ್ಳುತ್ತಿದ್ದಾರೆ ಅಂತ. ಹೋಸ್ಟಿಂಗ್ ಮೂರು ಡಬ್ಲ್ಯೂ ಸೇರಿಸುತ್ತಿರುತ್ತದೆ, ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ತೆಗೆಯುತ್ತಿರುತ್ತದೆ. ಇಲ್ಲವೇ ಕ್ಲೌಡ್‌ಫ್ಲೇರ್‌ನಲ್ಲಿ ಎಸ್‌ಎಸ್‌ಎಲ್ ‘ಫ್ಲೆಕ್ಸಿಬಲ್’ ಆಗಿರುತ್ತದೆ. ಅದು ನಿಮ್ಮ ಸರ್ವರ್ ಜೊತೆ ಎಚ್‌ಟಿಟಿಪಿಯಲ್ಲಿ ಮಾತಾಡುತ್ತದೆ, ಸರ್ವರ್ ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ, ಮತ್ತೆ ಅದೇ ಸುತ್ತು. ಸರ್ವರ್‌ನಲ್ಲಿ ಸರ್ಟಿಫಿಕೇಟ್ ಹಾಕಿ ‘ಫುಲ್ ಸ್ಟ್ರಿಕ್ಟ್’ಗೆ ಬದಲಿಸಿದರೆ ನಿಲ್ಲುತ್ತದೆ.

ವರ್ಡ್‌ಪ್ರೆಸ್‌ನವರಿಗೆ ಎರಡು ಮಾತು

ತಾತ್ಕಾಲಿಕ ವಿಳಾಸದಲ್ಲಿ ಸೈಟು ಕಟ್ಟಿದ್ದರೆ ಡೊಮೇನ್ ಹೊಡೆದ ಕೂಡಲೇ ಅದು ಹಳೆಯ ವಿಳಾಸಕ್ಕೇ ಜಿಗಿಯುತ್ತದೆ. ಸೆಟ್ಟಿಂಗ್ಸ್‌ನ ‘ಜನರಲ್’ ಪುಟದಲ್ಲಿ ಎರಡು ವಿಳಾಸಗಳಿವೆ, ಎರಡನ್ನೂ ಹೊಸ ಡೊಮೇನಿಗೆ ಬದಲಿಸಿ. ಹೊಸ ಹೆಸರು ತೆರೆಯುತ್ತದೆ ಅಂತ ಖಾತ್ರಿಯಾದ ಮೇಲೆಯೇ ಬದಲಿಸಿ, ಇಲ್ಲದಿದ್ದರೆ ಅಡ್ಮಿನ್ ಪುಟದಿಂದಲೂ ಹೊರಗೆ ಬೀಳುತ್ತೀರಿ. ಹೋಮ್ ಪೇಜ್ ಬದಲು ಬರೀ ಲೇಖನಗಳ ಪಟ್ಟಿ ಬರುತ್ತಿದ್ದರೆ ‘ರೀಡಿಂಗ್’ ಸೆಟ್ಟಿಂಗ್‌ನಲ್ಲಿ ‘ಸ್ಟ್ಯಾಟಿಕ್ ಪೇಜ್’ ಆರಿಸಿ ನಿಮ್ಮ ಪುಟ ಗುರುತಿಸಿ.

ಸೈಟಿಗೆ ಉಚಿತ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಬಳಸುವವರು ರೆಪೊಸಿಟರಿಯ ‘ಪೇಜಸ್’ ಸೆಟ್ಟಿಂಗ್‌ನಲ್ಲಿ ಡೊಮೇನ್ ಬರೆಯಬೇಕು, @ಗೆ ಎ ರೆಕಾರ್ಡುಗಳನ್ನು (ಐಪಿವಿ6ನದಲ್ಲ) ಒಟ್ಟು ನಾಲ್ಕು ಹಾಕಬೇಕು: 185.199.108.153ರಿಂದ ಶುರುವಾಗಿ ಮೂರನೇ ಸಂಖ್ಯೆ 109, 110, 111 ಆಗುತ್ತಾ ಹೋಗುತ್ತದೆ. ರೆಕಾರ್ಡ್ ಮಾತ್ರ ಹಾಕಿ ಸೆಟ್ಟಿಂಗ್ ಬಿಟ್ಟರೆ 404, ಅಂದರೆ ಪುಟ ಸಿಗಲಿಲ್ಲ ಅಂತ ಬರುತ್ತದೆ.

‘ಮಾಸ್ಕಿಂಗ್ ಇರುವ ಫಾರ್ವರ್ಡಿಂಗ್’ ಅಂತ ರಿಜಿಸ್ಟ್ರಾರ್ ಕೊಡುವ ಸುಲಭದ ಆಯ್ಕೆಗೆ ಮಾತ್ರ ಹೋಗಬೇಡಿ. ಅದು ನಿಮ್ಮ ಸೈಟನ್ನು ಒಂದು ಚೌಕಟ್ಟಿನೊಳಗೆ ತುರುಕಿ ತೋರಿಸುತ್ತದೆ. ಯಾವ ಪುಟಕ್ಕೆ ಹೋದರೂ ಮೇಲೆ ಒಂದೇ ವಿಳಾಸ, ಮೊಬೈಲಿನಲ್ಲಿ ಅಕ್ಷರಗಳು ಅಡ್ಡಾದಿಡ್ಡಿ.

ಪುಟ ಬಂತು ಅಂದ ಮೇಲೆ

ನಾಲ್ಕು ರೀತಿ ಹೊಡೆದು ನೋಡಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಮೂರು ಡಬ್ಲ್ಯೂ ಇದ್ದು ಮತ್ತು ಇಲ್ಲದೆ. ನಾಲ್ಕೂ ಕೊನೆಗೆ ಒಂದೇ ವಿಳಾಸಕ್ಕೆ ಬಂದು ನಿಲ್ಲಬೇಕು. ಮೊಬೈಲಿನಲ್ಲಿ ವೈಫೈ ಆಫ್ ಮಾಡಿ ಡೇಟಾದಲ್ಲೂ ಒಮ್ಮೆ ನೋಡಿ. ಅದು ಬೇರೆ ಡಿಎನ್‌ಎಸ್, ಬೇರೆ ನೆನಪು.

ಹೋಸ್ಟ್ಸ್ ಫೈಲಿಗೆ ಸಾಲು ಸೇರಿಸಿದ್ದರೆ ಅದನ್ನು ಈಗಲೇ ತೆಗೆಯಿರಿ. ನಾನೊಮ್ಮೆ ಮರೆತಿದ್ದೆ. ಒಂದು ವಾರ ಎಲ್ಲರೂ ಸೈಟು ತೆರೆಯುತ್ತಿಲ್ಲ ಅನ್ನುತ್ತಿದ್ದರು, ನನ್ನ ಕಂಪ್ಯೂಟರಿನಲ್ಲಿ ಮಾತ್ರ ಅದು ಚೆಂದವಾಗಿ ತೆರೆಯುತ್ತಿತ್ತು.